ಬ್ರೇಕ್ ಆದಮೇಲೆ ವಾಪಸ್ ಬರ್ತೀರಾ?



ಇವತ್ತು ವಿಧಾನಸೌಧದ ಸುದ್ದಿ ಇಲ್ಲ, ದೆಹಲಿಯ ಸುದ್ದಿಯೂ ಇಲ್ಲ. ಇವತ್ತು ನಾನು ಮಾತಾಡೋಕೆ ಹೊರಟಿರೋದು ಮುಚ್ಚಿದ ಒಂದು ಬಾಗಿಲ ಬಗ್ಗೆ. ಬಾಗಿಲ ಒಳಗೆ ಒಂದು ಹೆಣ್ಣು ಮಗು ಅಳ್ತಾ ಇದೆ. ಹೊರಗೆ, ನೆಲದ ಮೇಲೆ, ಅದರ ಅಪ್ಪ ಅಮ್ಮ ಕೂತಿದ್ದಾರೆ. ಇಬ್ಬರಿಗೂ ಎದ್ದು ಒಳಗೆ ಓಡಬೇಕು ಅನ್ನಿಸ್ತಿದೆ. ಆದರೆ ಇವತ್ತು ಹೋಗಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದಾರೆ. ಮಗು ತಾನಾಗಿ ನಿದ್ದೆ ಮಾಡೋದು ಕಲೀಬೇಕಲ್ಲ, ಅದಕ್ಕೆ. ಇಪ್ಪತ್ತು ಚಿಲ್ಲರೆ ನಿಮಿಷ ಇಷ್ಟೇ ನಡೆಯುತ್ತೆ. ಅಳು, ಬಾಗಿಲು, ಇಬ್ಬರ ಮಾತು. ಕ್ಯಾಮೆರಾ ಒಂದು ಸಲವೂ ಕಟ್ ಆಗಲ್ಲ.

ಇದು ‘ಮ್ಯಾಡ್ ಅಬೌಟ್ ಯೂ’ ಅನ್ನೋ ಅಮೆರಿಕದ ಹಾಸ್ಯ ಧಾರಾವಾಹಿಯ ಒಂದು ಕಂತು. ಹೆಸರು ‘ದ ಕಾನ್ವರ್ಸೇಷನ್’. ಕನ್ನಡದಲ್ಲಿ ಸರಳವಾಗಿ ‘ಮಾತುಕತೆ’ ಅನ್ನಿ. 1997ರ ಡಿಸೆಂಬರ್ 16ರಂದು ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರ ಆಯ್ತು. ಪಾಲ್ ಬುಕ್ಮನ್ ಸಾಕ್ಷ್ಯಚಿತ್ರ ಮಾಡೋನು, ಅವನ ಹೆಂಡತಿ ಜೇಮಿ ಪಬ್ಲಿಕ್ ರಿಲೇಷನ್ಸ್ ಕೆಲಸದಲ್ಲಿದ್ದವಳು. ನ್ಯೂಯಾರ್ಕ್‌ನ ಒಂದು ಫ್ಲ್ಯಾಟು, ಮರ್ರೆ ಅನ್ನೋ ನಾಯಿ, ಮೇಬಲ್ ಅನ್ನೋ ಮಗು. ಪಾಲ್ ಪಾತ್ರ ಮಾಡಿದ್ದು ಪಾಲ್ ರೈಸರ್, ಜೇಮಿ ಪಾತ್ರ ಹೆಲೆನ್ ಹಂಟ್. 1992ರಿಂದ 1999ರವರೆಗೆ ಏಳು ಸೀಸನ್ ನಡೆದ ಧಾರಾವಾಹಿ ಇದು.

ಅಮೆರಿಕದ ಗಂಡ ಹೆಂಡತಿ ಕಥೆ ನಮಗ್ಯಾಕಪ್ಪ ಅಂತ ನೀವು ಕೇಳಬಹುದು. ಸ್ವಲ್ಪ ತಾಳಿ, ಅಲ್ಲಿಗೇ ಬರ್ತೀನಿ.

ನಾನು ಈ ಕುರ್ಚಿಯಲ್ಲಿ ಕೂತು ದಿನಕ್ಕೆ ಅತಿ ಹೆಚ್ಚು ಸಲ ಹೇಳೋ ಮಾತು ಯಾವುದು ಗೊತ್ತಾ? ‘ಬ್ರೇಕಿಂಗ್ ನ್ಯೂಸ್’ ಅಲ್ಲ. ‘ಎಲ್ಲೂ ಹೋಗ್ಬೇಡಿ, ಒಂದು ಚಿಕ್ಕ ಬ್ರೇಕ್ ಆದಮೇಲೆ ವಾಪಸ್ ಬರ್ತೀವಿ.’ ಇಬ್ಬರು ವಕ್ತಾರರು ಜೋರು ಜಗಳಕ್ಕೆ ಬಿದ್ದಿರ್ತಾರೆ. ಒಬ್ಬರು ಕೊನೆಗೂ ನಿಜವಾದ ಒಂದು ಪ್ರಶ್ನೆ ಕೇಳಿರ್ತಾರೆ. ಇನ್ನೊಬ್ಬರು ಉತ್ತರ ಕೊಡಬೇಕು, ಬಾಯಿ ತೆಗೆದಿದ್ದಾರೆ. ಸರಿಯಾಗಿ ಆಗ ನನ್ನ ಕಿವಿಯೊಳಗೆ ಪ್ಯಾನಲ್ ಪ್ರೊಡ್ಯೂಸರ್ ದನಿ ಬರುತ್ತೆ, ‘ಬ್ರೇಕ್, ಬ್ರೇಕ್, ಬ್ರೇಕ್.’ ನಾನು ಹೇಳಿಬಿಡ್ತೀನಿ. ಕಾನೂನಿನ ಪ್ರಕಾರ ಗಂಟೆಗೆ ಒಟ್ಟು 12 ನಿಮಿಷ ಜಾಹೀರಾತು ಹಾಕಬಹುದು. ಯಾವಾಗ ಹಾಕಬೇಕು ಅನ್ನೋದು ನಮ್ಮ ಕಸುಬು. ಬಿಸಿ ಏರಿದಾಗ ಹಾಕಬೇಕು, ಇಲ್ಲದಿದ್ದರೆ ನೀವು ರಿಮೋಟ್ ಎತ್ಕೋತೀರಿ. ಬ್ರೇಕ್ ಮುಗಿಸಿ ಬಂದಾಗ ಆ ಪ್ರಶ್ನೆ ಆರಿ ತಣ್ಣಗಾಗಿರುತ್ತೆ. ವಕ್ತಾರರು ನೀರು ಕುಡಿದು, ಫೋನ್ ನೋಡಿ, ಬೇರೆ ಉತ್ತರ ಸಿದ್ಧ ಮಾಡಿಕೊಂಡಿರ್ತಾರೆ.

ಹಾಸ್ಯ ಧಾರಾವಾಹಿಯೂ ಇದೇ ಲೆಕ್ಕದ ಮೇಲೆ ನಿಂತಿರೋ ಪ್ರಕಾರ. ಅಮೆರಿಕದಲ್ಲಿ ಅರ್ಧ ಗಂಟೆಯ ಸ್ಲಾಟ್ ಅಂದ್ರೆ ಕಥೆಗೆ ಸಿಗೋದು ಸುಮಾರು 22 ನಿಮಿಷ. ಉಳಿದದ್ದು ಜಾಹೀರಾತು. ಬ್ರೇಕ್ ಎಲ್ಲಿ ಬರುತ್ತೆ ಅಂತ ನೋಡಿಕೊಂಡೇ ಕಥೆ ಹೆಣೀಬೇಕು. ಸ್ಟುಡಿಯೋದಲ್ಲಿ ಪ್ರೇಕ್ಷಕರು, ಎದುರಿಗೆ ಮೂರೋ ನಾಲ್ಕೋ ಕ್ಯಾಮೆರಾ. 1951ರಲ್ಲಿ ಶುರುವಾದ ‘ಐ ಲವ್ ಲೂಸಿ’ ಈ ಪದ್ಧತಿಯನ್ನ ಊರೆಲ್ಲ ಹಬ್ಬಿಸಿತು. ಒಬ್ಬರ ಮುಖ ಸಪ್ಪಗಾಯ್ತೋ, ತಕ್ಷಣ ಇನ್ನೊಂದು ಕ್ಯಾಮೆರಾಗೆ ಹಾರಬಹುದು. ಆ ಧಾರಾವಾಹಿಯ ಗಂಡ ಹೆಂಡತಿ, ಡೆಸಿ ಅರ್ನಾಜ್ ಮತ್ತು ಲೂಸಿಲ್ ಬಾಲ್, ನಿಜ ಜೀವನದಲ್ಲೂ ಗಂಡ ಹೆಂಡತಿ. 1960ರ ಮಾರ್ಚ್ 2ರಂದು ಆ ಜೋಡಿಯ ಕೊನೆಯ ಕಂತಿನ ಚಿತ್ರೀಕರಣ ಮುಗೀತು. ಮಾರನೇ ದಿನ ಲೂಸಿಲ್ ಬಾಲ್ ಡೈವೋರ್ಸ್‌ಗೆ ಅರ್ಜಿ ಹಾಕಿದರು. ಆ ಕಂತು ಏಪ್ರಿಲ್ 1ರಂದು ಪ್ರಸಾರವಾಗಿ ಜನ ನಕ್ಕರು. ಕಟ್ ಮಾಡಿ ಕಟ್ ಮಾಡಿ ತೋರಿಸಿದ ಸಂಸಾರದಲ್ಲಿ ಕಟ್‌ಗಳ ನಡುವೆ ಏನಿತ್ತು ಅಂತ ನೋಡೋರಿಗೆ ಹೇಗೆ ಗೊತ್ತಾಗಬೇಕು?

ಅದಕ್ಕೇ ‘ಮಾತುಕತೆ’ ಕಂತು ಅಪರೂಪದ್ದು. ಅಲ್ಲಿ ಕಟ್ ಇಲ್ಲ. ಪಾಲ್‌ಗೆ ಉತ್ತರ ಹೊಳೀಲಿಲ್ಲ ಅಂದ್ರೆ ಹೊಳೆಯೋ ತನಕ ಅವನು ಅಲ್ಲೇ ಕೂತಿರಬೇಕು. ಜೇಮಿಗೆ ಸಿಟ್ಟು ಬಂತು ಅಂದ್ರೆ ಆ ಸಿಟ್ಟು ಇಳಿಯೋದನ್ನೂ ನಾವು ನೋಡಬೇಕು. ತಮಾಷೆ ಮಾಡ್ತಾರೆ, ಒಬ್ಬರನ್ನೊಬ್ಬರು ಕೆಣಕ್ತಾರೆ. ಒಳಗಿನ ಅಳು ಏರಿದಾಗ ಇಬ್ಬರೂ ಒಟ್ಟಿಗೆ ಬಾಗಿಲ ಕಡೆ ತಿರುಗ್ತಾರೆ. ಮತ್ತೆ ಮಾತು. ಮನೆಯಲ್ಲಿ ಸಣ್ಣ ಮಗು ಇರೋರಿಗೆ ಈ ಮಾತಿನ ರುಚಿ ಗೊತ್ತು. ನಿದ್ದೆ ಇಲ್ಲ, ತಲೆ ಓಡಲ್ಲ. ಒಂದು ಮಾತು ಶುರುವಾದದ್ದು ಎಲ್ಲೋ, ಹೋಗಿ ನಿಲ್ಲೋದು ಎಲ್ಲೋ.

ಇನ್ನೊಂದು ವಿಷಯ ಗಮನಿಸಿ. ಈ ದಂಪತಿ ಆ ಬಾಗಿಲ ಹೊರಗೆ ಬಂದು ಕೂರೋಕೆ ಒಂದೂವರೆ ವರ್ಷ ಮುಂಚೆ, 1996ರ ಮೇ ತಿಂಗಳಲ್ಲಿ, ಇವರ ಮದುವೆ ಹರಿದುಹೋಗೋ ಹಂತಕ್ಕೆ ಬಂದಿತ್ತು. ನಾಲ್ಕನೇ ಸೀಸನ್ ಪೂರ್ತಿ ಅದೇ ಕಥೆ. ಮಗು ಬೇಕು, ಆಗ್ತಾ ಇಲ್ಲ. ಜೇಮಿ ಜೊತೆಗೆ ಕೆಲಸ ಮಾಡೋ ಒಬ್ಬನ ಕಡೆ ವಾಲ್ತಾಳೆ, ಒಂದು ಮುತ್ತಿನ ತನಕ ಹೋಗುತ್ತೆ. ಪಾಲ್ ಮನಸ್ಸೂ ಇನ್ನೆಲ್ಲೋ ಅಲೆಯುತ್ತೆ. ಸೀಸನ್ ಕೊನೆಯಲ್ಲಿ ಇಬ್ಬರೂ ಬೇರೆಯಾಗೇಬಿಟ್ಟರು ಅನ್ನೋ ಅಷ್ಟರಲ್ಲಿ ಹೇಗೋ ವಾಪಸ್ ಸೇರ್ತಾರೆ, ಜೇಮಿ ಗರ್ಭಿಣಿ ಅಂತ ಗೊತ್ತಾಗುತ್ತೆ. ನನಗೆ ಆ ಬರವಣಿಗೆಯಲ್ಲಿ ಇಷ್ಟವಾದದ್ದು ಏನು ಅಂದ್ರೆ, ಅಲ್ಲಿ ಖಳನಾಯಕ ಇಲ್ಲ. ಹೊಡೆಯೋ ಗಂಡ ಇಲ್ಲ, ಕಾಡೋ ಅತ್ತೆಯಿಂದ ಕಥೆ ಕೆಡಲ್ಲ. ಇಬ್ಬರೂ ಒಳ್ಳೆಯವರು, ಇಬ್ಬರಿಗೂ ಕೆಲಸ ಜಾಸ್ತಿ. ಹೇಳಬೇಕಾದ ಮಾತನ್ನ ‘ಆಮೇಲೆ’ ಅಂತ ಮುಂದೂಡಿ ಮುಂದೂಡಿ, ಕೊನೆಗೆ ಆ ಮಾತನ್ನ ಬೇರೆ ಯಾರ ಹತ್ತಿರವೋ ಹೇಳೋಕೆ ಶುರು ಮಾಡಿದರು. ಅಷ್ಟೇ.

ಈ ಕಂತನ್ನ ನಾನು ಮೊದಲ ಸಲ ನೋಡಿದ್ದು ಎಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿ. ನೋಡಿದೆ ಅನ್ನೋದು ಸುಳ್ಳು, ಐದು ನಿಮಿಷಕ್ಕೆ ಮುಚ್ಚಿದೆ. ಆಗ ಹಾಸ್ಟೆಲ್‌ನ ಲ್ಯಾನ್‌ನಲ್ಲಿ ಯಾರದೋ ಹಾರ್ಡ್ ಡಿಸ್ಕ್‌ನಿಂದ ಸಿಕ್ಕಿದ್ದನ್ನೆಲ್ಲ ನಮ್ಮ ಡಿಸ್ಕ್‌ಗೆ ಸುರಿದುಕೊಳ್ಳೋದು ನಮ್ಮ ಸಂಸ್ಕೃತಿ. ‘ಫ್ರೆಂಡ್ಸ್’ ಎಲ್ಲರ ಹತ್ತಿರ ಇತ್ತು. ಇದು ರೂಮ್‌ಮೇಟ್ ಒಬ್ಬನ ಹತ್ತಿರ ಮಾತ್ರ ಇತ್ತು. ‘ಏನೋ ಇದು, ಇಬ್ಬರು ಕೂತ್ಕೊಂಡು ಮಾತಾಡ್ತಾನೇ ಇದಾರೆ, ಏನೂ ಆಗ್ತಿಲ್ವಲ್ಲೋ’ ಅಂದೆ. ಅವನು, ‘ಮದುವೆ ಆದಮೇಲೆ ನೋಡು ಮಗಾ’ ಅಂದ. ಅವನಿಗೂ ಆಗ ಮದುವೆ ಆಗಿರಲಿಲ್ಲ, ಸುಮ್ಮನೆ ಡೈಲಾಗ್ ಹೊಡೆದಿದ್ದ. ಆದರೆ ಅವನು ಹೇಳಿದ ಹಾಗೇ ಆಯ್ತು.

ಈಗ ಹೇಳಬೇಕಾದ ಭಾಗ. ಇದನ್ನ ನನ್ನ ಹೆಂಡತಿಯ ಒಪ್ಪಿಗೆ ಪಡೆದೇ ಹೇಳ್ತಿದ್ದೀನಿ. ಸ್ಕ್ರಿಪ್ಟ್ ಓದಿ ಒಂದು ಸಾಲು ಹೊಡೆದುಹಾಕಿದ್ದಾಳೆ. ಉಳಿದದ್ದಕ್ಕೆ ‘ಹೇಳ್ಕೋ ಹೋಗು’ ಅಂದಿದ್ದಾಳೆ.

ನಮ್ಮ ಮಗಳಿಗೆ ಆಗ ಒಂಬತ್ತು ತಿಂಗಳು. ಹೆಂಡತಿಯ ಹೆರಿಗೆ ರಜೆ ಮುಗಿದು ಆಫೀಸಿಗೆ ಹೋಗೋಕೆ ಶುರು ಮಾಡಿದ್ದಳು. ಅವಳ ಮೀಟಿಂಗ್ ಸಂಜೆ ಆರರಿಂದ ಹತ್ತು. ನನ್ನ ಡಿಬೇಟ್ ರಾತ್ರಿ ಒಂಬತ್ತಕ್ಕೆ. ಮನೆ ಸೇರೋ ಹೊತ್ತಿಗೆ ಹನ್ನೊಂದೂವರೆ. ನಮ್ಮಮ್ಮ ಊರಿಂದ ಬಂದು ಮಗು ನೋಡ್ಕೊಳ್ತಿದ್ದರು. ಒಂದು ರಾತ್ರಿ ನಾನು ಊಟಕ್ಕೆ ಕೂತಾಗ ಇವಳು ಎದುರಿಗೆ ಬಂದು ನಿಂತು, ‘ಸ್ವಲ್ಪ ಮಾತಾಡಬೇಕಿತ್ತು’ ಅಂದಳು. ನಾನು ಫೋನ್‌ನಲ್ಲಿ ಮಾರನೇ ದಿನದ ಗೆಸ್ಟ್ ಪಟ್ಟಿ ನೋಡ್ತಾ ಇದ್ದೆ. ‘ನಾಳೆ ಮಾತಾಡೋಣ ಕಣೆ, ತಲೆ ಕೆಟ್ಟುಹೋಗಿದೆ’ ಅಂದೆ. ಸರಿ ಅಂದಳು. ನಾಳೆ ಅನ್ನೋದು ಬಂತು, ಅದರ ನಾಳೆಯೂ ಬಂತು. ಅವಳು ಮತ್ತೆ ಕೇಳಿದಾಗಲೂ ನಾನು ‘ಈ ಬೈ ಎಲೆಕ್ಷನ್ ಒಂದು ಮುಗೀಲಿ’ ಅಂದೆ. ಬೈ ಎಲೆಕ್ಷನ್ ಮುಗೀತು. ನಮ್ಮಲ್ಲಿ ಒಂದಾದ ಮೇಲೆ ಒಂದು ಇದ್ದೇ ಇರುತ್ತಲ್ಲ.

ಒಂದು ಶನಿವಾರ ಅವಳು ಮಗು ಕರ್ಕೊಂಡು ತುಮಕೂರಿಗೆ, ತವರಿಗೆ, ‘ನಾಲ್ಕು ದಿನ ಇದ್ದು ಬರ್ತೀನಿ’ ಅಂತ ಹೊರಟಳು. ನಾಲ್ಕು ದಿನ ಹತ್ತಾಯ್ತು. ಫೋನ್ ಮಾಡಿದರೆ ಮಗು ಬಗ್ಗೆ ಮಾತ್ರ ಮಾತು. ಹಲ್ಲು ಬಂತು, ಜ್ವರ ಇಲ್ಲ, ರಾಗಿ ಸರಿ ತಿಂದಳು. ಕೊನೆಗೆ ನಾನೇ ರೇಗಿ, ‘ಏನಾಯ್ತು ಅಂತ ಹೇಳಬಾರದಾ?’ ಅಂದೆ.

ಅವಳು ನನ್ನನ್ನ ಯಾವಾಗಲೂ ‘ನೀನು’ ಅಂತಾಳೆ. ಸಿಟ್ಟು ಬಂದಾಗ ಮಾತ್ರ ‘ನೀವು’. ಅವತ್ತು ‘ನೀವು’ ಅಂದಳು.

‘ನೀವು ಟೀವಿಯಲ್ಲಿ ಬ್ರೇಕ್ ತಗೊಂಡ್ರೆ ಎರಡು ನಿಮಿಷಕ್ಕೆ ವಾಪಸ್ ಬರ್ತೀರಿ. ಮನೇಲಿ ತಗೊಂಡ್ರೆ ಬರೋದೇ ಇಲ್ಲ.’

ಆಮೇಲೆ ಗೊತ್ತಾಯ್ತು. ಅವಳು ಹೇಳಬೇಕು ಅಂದುಕೊಂಡಿದ್ದು ಕೆಲಸ ಬಿಡೋ ವಿಷಯ. ರಾಜೀನಾಮೆ ಪತ್ರ ಬರೆದು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ಹನ್ನೊಂದು ದಿನ ನನ್ನ ‘ನಾಳೆ’ಗೆ ಕಾದಿದ್ದಳು. ಬಿಡಬೇಕೋ ಬೇಡವೋ ಅಂತ ಅವಳಿಗೂ ಗೊತ್ತಿರಲಿಲ್ಲ. ನನ್ನ ಅನುಮತಿಗೆ ಕಾದಿರಲಿಲ್ಲ ಅವಳು. ಜೊತೆಗೆ ಕೂತು ಯೋಚನೆ ಮಾಡೋಕೆ ಒಬ್ಬರು ಬೇಕಿತ್ತು. ರಾಜ್ಯದ ಆರು ಕೋಟಿ ಜನರ ಪರವಾಗಿ ಪ್ರಶ್ನೆ ಕೇಳ್ತೀನಿ ಅಂತ ದಿನಾ ಹೇಳೋ ನಾನು, ನನ್ನ ಮನೆಯ ಒಂದು ಪ್ರಶ್ನೆಗೆ ಹನ್ನೊಂದು ದಿನ ಸಿಕ್ಕಿರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಹಳೇ ಹಾರ್ಡ್ ಡಿಸ್ಕ್ ಹುಡುಕಿ ತೆಗೆದು ಆ ಕಂತು ಹಾಕಿದೆ. ಹಿಂದಿನಿಂದ ಅಮ್ಮ ಎದ್ದು ಬಂದು ನಿಂತು ನೋಡಿದರು. ಇಂಗ್ಲಿಷ್ ಅವರಿಗೆ ಬರಲ್ಲ. ಸ್ವಲ್ಪ ಹೊತ್ತು ನೋಡಿ, ‘ಏನೋ ಇದು? ಮಗೂನ ಎತ್ಕೊಳ್ಳೋದ್ ಬಿಟ್ಟು ಹೊರಗ್ ಕೂತ್ಕೊಂಡು ಇಬ್ರೂ ಏನ್ ಹರಟೆ ಹೊಡೀತಾರೆ?’ ಅಂದರು. ನಾನು ಕಾರಣ ಹೇಳಿದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ಆದರೂ ಹೋಗಿ ಮಲಗಲಿಲ್ಲ, ಕುರ್ಚಿ ಎಳೆದು ಕೂತು ಕೊನೆಯ ತನಕ ನೋಡಿದರು. ಮುಗಿದಮೇಲೆ ಒಂದೇ ಮಾತು ಹೇಳಿದರು. ‘ಹೋಗ್ಲಿ, ಜೊತೇಲಾದ್ರೂ ಕೂತಿದಾರೆ.’

ಅಮ್ಮನ ಆಕ್ಷೇಪಣೆಗೂ ಒಂದು ಉತ್ತರ ಕೊಡಬೇಕು. ಮಗುವನ್ನ ಹೀಗೆ ಅಳೋಕೆ ಬಿಡೋ ಪದ್ಧತಿಯ ಹಿಂದೆ ಬಾಸ್ಟನ್‌ನ ಮಕ್ಕಳ ವೈದ್ಯ ರಿಚರ್ಡ್ ಫರ್ಬರ್ ಹೆಸರಿದೆ. 1985ರಲ್ಲಿ ಅವರು ಮಕ್ಕಳ ನಿದ್ದೆ ಬಗ್ಗೆ ಒಂದು ಪುಸ್ತಕ ಬರೆದರು. ಅದು ಎಷ್ಟು ಹಬ್ಬಿತು ಅಂದ್ರೆ ಅಲ್ಲಿ ‘ಫರ್ಬರೈಸ್’ ಅನ್ನೋ ಕ್ರಿಯಾಪದವೇ ಹುಟ್ಟಿಕೊಂಡಿತು. ಆದರೆ ಫರ್ಬರ್ ಹೇಳಿದ್ದು ಬಾಗಿಲು ಮುಚ್ಚಿ ಮರೆತುಬಿಡಿ ಅಂತಲ್ಲ. ಕೆಲವು ನಿಮಿಷ ಕಾಯಿರಿ, ಒಳಗೆ ಹೋಗಿ ಸಮಾಧಾನ ಹೇಳಿ ಬನ್ನಿ. ಮುಂದಿನ ಸಲ ಇನ್ನೂ ಸ್ವಲ್ಪ ಹೆಚ್ಚು ಕಾಯಿರಿ, ಮತ್ತೆ ಹೋಗಿ ಬನ್ನಿ. ತೊಟ್ಟಿಲಿಗೆ ಅಥವಾ ಸೀರೆ ಜೋಲಿಗೆ ಹಾಕಿ ತೂಗಿ ಮಲಗಿಸೋ ನಮ್ಮ ಮನೆಗಳಿಗೆ ಇದು ಬೇಕೋ ಬೇಡವೋ, ಅದು ನಿಮ್ಮ ಇಷ್ಟ, ನಿಮ್ಮ ಡಾಕ್ಟರ ಮಾತು. ನನಗೆ ನಾಟಿದ್ದು ಆ ‘ಮತ್ತೆ ಹೋಗಿ ಬನ್ನಿ’ ಅನ್ನೋ ಭಾಗ. ಕಾಯಿಸಬಹುದು. ಕಾಯಿಸಿದ ಮೇಲೆ ಹೋಗಲೇಬೇಕು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಓದಿದ ಎಲ್ಲವೂ ಮರೆತಿದೆ, ಒಂದು ಪಾಠ ಮಾತ್ರ ಆ ರಾತ್ರಿ ನೆನಪಾಯ್ತು. ಈಥರ್‌ನೆಟ್. 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಕೆಲಸ ಶುರು ಮಾಡಿದ್ದು. ಕಂಪ್ಯೂಟರ್‌ಗಳನ್ನ ಒಂದಕ್ಕೊಂದು ಜೋಡಿಸೋ ವಿಧಾನ. ಹಳೇ ಕಾಲದಲ್ಲಿ ಒಂದೇ ತಂತಿಗೆ ಹತ್ತಾರು ಕಂಪ್ಯೂಟರ್ ಕಟ್ಟಿರ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಯಾರಿಗೂ ತಲುಪಲ್ಲ. ನಮ್ಮ ರಾತ್ರಿ ಒಂಬತ್ತರ ಡಿಬೇಟ್ ತರಹ ಅಂದುಕೊಳ್ಳಿ. ಅದಕ್ಕೆ ಅವರು ಇಟ್ಟ ನಿಯಮ ಬಹಳ ಸರಳ.

ಮೊದಲನೇದು, ಮಾತಾಡೋ ಮುಂಚೆ ತಂತಿಗೆ ಕಿವಿಗೊಡು. ಇನ್ನೊಬ್ಬರು ಮಾತಾಡ್ತಿದ್ದರೆ ಸುಮ್ಮನಿರು. ಎರಡನೇದು, ಮಾತಾಡ್ತಾ ಇರುವಾಗಲೂ ಕೇಳಿಸಿಕೊಳ್ತಾ ಇರು. ಡಿಕ್ಕಿ ಆಯ್ತು ಅಂತ ಗೊತ್ತಾದ ತಕ್ಷಣ ಇಬ್ಬರೂ ನಿಲ್ಲಿಸಿ. ಮೂರನೇದು, ಸ್ವಲ್ಪ ಹೊತ್ತು ಕಾದು ಮತ್ತೆ ಶುರು ಮಾಡಿ. ಎಷ್ಟು ಹೊತ್ತು ಅನ್ನೋದನ್ನ ಪ್ರತಿಯೊಂದೂ ತನ್ನಷ್ಟಕ್ಕೆ ಚೀಟಿ ಎತ್ತಿದ ಹಾಗೆ ಆರಿಸಿಕೊಳ್ಳಬೇಕು. ಇಬ್ಬರೂ ಒಂದೇ ಹೊತ್ತು ಕಾದರೆ ಮತ್ತೆ ಒಟ್ಟಿಗೇ ಬಾಯಿ ತೆಗೆದು ಮತ್ತೆ ಡಿಕ್ಕಿ. ಯಾರಾದರೂ ಒಬ್ಬರು ಮೊದಲು ಶುರು ಮಾಡಲೇಬೇಕು. ಮತ್ತೆ ಡಿಕ್ಕಿ ಆದರೆ ಕಾಯಬಹುದಾದ ಅವಧಿ ದುಪ್ಪಟ್ಟಾಗುತ್ತೆ. ಹೀಗೆ 16 ಸಲ ಪ್ರಯತ್ನ. ಅಷ್ಟಾದರೂ ಆಗದಿದ್ದರೆ ಯಂತ್ರ ಸೋತೆ ಅಂತ ಒಪ್ಪಿಕೊಳ್ಳುತ್ತೆ. ಈಗಿನ ಸ್ವಿಚ್‌ಗಳು ಬಂದಮೇಲೆ ತಂತಿಯಲ್ಲಿ ಆ ಡಿಕ್ಕಿಯೇ ಇಲ್ಲ, ನಾವು ಪರೀಕ್ಷೆಗೆ ಅಂತ ಓದಿದ್ದು. ಮನೆಗೆ ಮಾತ್ರ ಇನ್ನೂ ಆ ಸ್ವಿಚ್ ಬಂದಿಲ್ಲ.

ಜಗಳ ಆದಾಗ ಎದ್ದು ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ನಿಯಮದಲ್ಲೇ ಇದೆ, ನಿಲ್ಲಿಸು, ಕಾಯಿ ಅಂತ. ಒಂದು ಲೋಟ ನೀರು ಕುಡೀರಿ, ಟೆರೇಸ್ ಮೇಲೆ ಒಂದು ಸುತ್ತು ಹಾಕಿ ಬನ್ನಿ. ನಾನು ಮಾಡಿದ ತಪ್ಪು ಬೇರೆ. ಒಂದು ಸಲ ಡಿಕ್ಕಿ ಆಗೋ ಸೂಚನೆ ಸಿಕ್ಕಿತು ಅಂತ ತಂತಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡು ಆಫೀಸಿಗೆ ಹೊರಟುಬಿಟ್ಟೆ. ಯಂತ್ರ 16 ಸಲ ಪ್ರಯತ್ನ ಮಾಡುತ್ತೆ ಸ್ವಾಮಿ. ನಾನು ಎರಡನೇ ಸಲಕ್ಕೂ ಸಿಗಲಿಲ್ಲ.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ಎಲ್ಲರೂ ಇದನ್ನ ಹೇಳಿ ನಕ್ಕು ಮುಂದೆ ಹೋಗ್ತೀವಿ. ಆದರೆ ಆ ಗಾದೆಗೆ ಒಂದು ಷರತ್ತಿದೆ. ಇಬ್ಬರೂ ಒಂದೇ ಹೊತ್ತಿಗೆ ಉಣ್ಣಬೇಕು, ಒಂದೇ ಹೊತ್ತಿಗೆ ಮಲಗಬೇಕು. ಗಾದೆ ಹುಟ್ಟಿದ ಕಾಲದಲ್ಲಿ ದೀಪ ಆರಿಸಿದರೆ ಇಬ್ಬರಿಗೂ ಕತ್ತಲೆ. ಬೆಂಗಳೂರಿನಲ್ಲಿ ಇವತ್ತು ಒಬ್ಬರು ಅಮೆರಿಕದ ಗಡಿಯಾರಕ್ಕೆ ಕೆಲಸ ಮಾಡ್ತಾರೆ, ಇನ್ನೊಬ್ಬರು ಬೆಳಗ್ಗೆ ಏಳಕ್ಕೆ ಹೊರ ವರ್ತುಲ ರಸ್ತೆಯ ಟ್ರಾಫಿಕ್‌ನಲ್ಲಿ ಇರಬೇಕು. ಒಬ್ಬರು ಉಣ್ಣುವಾಗ ಇನ್ನೊಬ್ಬರು ಮಲಗಿರ್ತಾರೆ. ಎಚ್ಚರ ಇದ್ದರೂ ತಲಾ ಒಂದೊಂದು ಫೋನ್ ಬೆಳಕು. ಹಾಗಾದರೆ ಜಗಳ ಮುಗಿಯೋದು ಯಾವಾಗ? ಮುಗಿಯಲ್ಲ. ಫ್ರಿಜ್‌ನಲ್ಲಿಟ್ಟ ಹುಳಿ ತರಹ ಅಲ್ಲೇ ಕೂತಿರುತ್ತೆ. ಇನ್ನೊಂದು ಗಾದೆ ಇದೆಯಲ್ಲ, ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಅಂತ. ಆ ಮುಚ್ಚಿದ ಬಾಗಿಲ ಹಿಂದಿನ ಅಳು ಕೇಳಿದಾಗ ನನಗೆ ಅದು ನೆನಪಾಗದೆ ಇರಲಿಲ್ಲ.

ನಮ್ಮ ಕಾನೂನಿಗೂ ಈ ಕಾಯೋ ವಿಷಯ ಗೊತ್ತು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ 13ಬಿ ಅನ್ನೋ ಕಲಂ ಸೇರಿಸಿದರು. ಇಬ್ಬರೂ ಒಪ್ಪಿ ಬೇರೆಯಾಗೋ ದಾರಿ ಅದು. ಒಂದು ವರ್ಷ ಬೇರೆ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೂ ಆರು ತಿಂಗಳು ಕಾದು, ಮತ್ತೆ ಬಂದು ‘ಹೌದು, ನಮ್ಮ ತೀರ್ಮಾನ ಇದೇ’ ಅನ್ನಬೇಕು. ಆ ಆರು ತಿಂಗಳು ಯಾಕೆ? ಮನಸ್ಸು ಬದಲಾಗಬಹುದು, ಮಾತಾಡಬಹುದು ಅಂತ. 2017ರಲ್ಲಿ ಸುಪ್ರೀಂ ಕೋರ್ಟ್, ಈ ಆರು ತಿಂಗಳು ಎಲ್ಲ ಪ್ರಕರಣದಲ್ಲೂ ಕಡ್ಡಾಯ ಅಲ್ಲ, ಒಂದಾಗೋ ದಾರಿಯೇ ಇಲ್ಲದಿದ್ದರೆ ಕೋರ್ಟ್ ಅದನ್ನ ಬಿಟ್ಟುಕೊಡಬಹುದು ಅಂತ ಹೇಳಿತು. ಸರಿಯಾದ ಮಾತೇ. ಮಾತಾಡದೆ ಕಾಯೋದಾದರೆ ಆರು ತಿಂಗಳಾದರೇನು, ಆರು ವರ್ಷವಾದರೇನು? ಕ್ಯಾಲೆಂಡರ್ ಹರಿದರೆ ಸಂಬಂಧ ಹೊಲಿದುಕೊಳ್ಳಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡ್ತೀನಿ. ನಾನು ಮಾತಾಡ್ತಿರೋದು ಇಬ್ಬರೂ ಒಳ್ಳೆಯವರಾಗಿದ್ದು ಕೆಟ್ಟಿರೋ ಸಂಸಾರದ ಬಗ್ಗೆ. ಕೈ ಎತ್ತೋ ಮನೆಗೆ, ಹೆದರಿಸೋ ಮನೆಗೆ ಇದು ಅನ್ವಯಿಸಲ್ಲ. ಅಲ್ಲಿ ‘ಕೂತು ಮಾತಾಡಿ ಸರಿಮಾಡ್ಕೋಮ್ಮಾ’ ಅಂತ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳೋದು ಅನ್ಯಾಯ. ಅಂಥ ಬಾಗಿಲ ಹತ್ತಿರ ಕೂರಬೇಡಿ, ಬಾಗಿಲು ತೆಗೆದು ಹೊರಗೆ ಬನ್ನಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112. ಬರೆದಿಟ್ಟುಕೊಳ್ಳಿ.

ನನ್ನ ಕಥೆಗೆ ಬರ್ತೀನಿ. ಆ ಕಂತು ನೋಡಿದ ಮಾರನೇ ದಿನ ರಜೆ ಹಾಕಿ ತುಮಕೂರಿಗೆ ಹೋದೆ. ಬೈಕಿನಲ್ಲಿ ದಾರಿ ಪೂರ್ತಿ ಒಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಕಸುಬಿನ ಚಟ. ಹೋದಾಗ ಮಧ್ಯಾಹ್ನ. ಮಗು ಒಳಗೆ ರೂಮಿನಲ್ಲಿ ಆಗಷ್ಟೇ ಮಲಗಿತ್ತು. ಹೆಂಡತಿ ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಹಜಾರದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನ ನೋಡಿ ತುಟಿ ಮೇಲೆ ಬೆರಳಿಟ್ಟಳು. ಜೋರಾಗಿ ಮಾತಾಡೋ ಹಾಗಿಲ್ಲ. ಅಲ್ಲಿಗೆ ನನ್ನ ಅರ್ಧ ಶಕ್ತಿ ಹೋಯ್ತು. ಪಕ್ಕದಲ್ಲಿ ನಾನೂ ನೆಲಕ್ಕೆ ಕೂತೆ. ಮಾವ ಒಂದು ಸಲ ನಮ್ಮಿಬ್ಬರನ್ನೂ ನೋಡಿದರು. ‘ಹಾಲು ತಗೊಂಡ್ ಬರ್ತೀನಿ’ ಅಂತ ಚೀಲ ಹಿಡಿದು ಹೊರಟರು. ಅಡುಗೆಮನೆ ಕಟ್ಟೆಯ ಮೇಲೆ ಎರಡು ಪ್ಯಾಕೆಟ್ ಹಾಲು ನನಗೆ ಕಾಣ್ತಾ ಇತ್ತು.

ಭಾಷಣ ಶುರು ಮಾಡಿದೆ. ಎರಡು ವಾಕ್ಯಕ್ಕೆ ಅವಳು, ‘ಇದು ಡಿಬೇಟ್ ಅಲ್ಲ’ ಅಂದಳು. ನಿಲ್ಲಿಸಿದೆ. ಬಹಳ ಹೊತ್ತು ಇಬ್ಬರೂ ಸುಮ್ಮನೆ ಕೂತಿದ್ದೆವು. ನನ್ನ ಕೆಲಸದಲ್ಲಿ ಐದು ಸೆಕೆಂಡು ಮೌನ ಅಂದ್ರೆ ಕಂಟ್ರೋಲ್ ರೂಮಿನಲ್ಲಿ ಕೂಗಾಟ. ಜೇಬಿನಲ್ಲಿ ಫೋನ್ ನಡುಗ್ತಾ ಇತ್ತು, ಕೈ ತಾನಾಗಿ ಅತ್ತ ಹೋಗೋದನ್ನ ಹಿಡಿದುಕೊಂಡು ಕೂತೆ. ಆಮೇಲೆ ಅವಳೇ ಶುರು ಮಾಡಿದಳು. ಮಧ್ಯೆ ಮಗು ಒಂದು ಸಲ ಅತ್ತಿತು. ನಾವು ಫರ್ಬರ್ ಶಿಷ್ಯರಲ್ಲ, ಎದ್ದು ಹೋಗಿ ತಟ್ಟಿ ಮಲಗಿಸಿ ವಾಪಸ್ ಬಂದು ಅದೇ ಜಾಗದಲ್ಲಿ ಕೂತಳು. ಬಿಟ್ಟ ವಾಕ್ಯದಿಂದಲೇ ಮುಂದುವರಿಸಿದಳು. ಮಾವ ಹಾಲು ತಗೊಂಡು ಬರೋಕೆ ಒಂದೂವರೆ ಗಂಟೆ ಆಯ್ತು.

ಎಲ್ಲ ಸರಿಹೋಯ್ತಾ? ಇಲ್ಲ. ಅವತ್ತು ನನ್ನ ಜೊತೆ ಅವಳು ಬೈಕ್ ಹತ್ತಲಿಲ್ಲ. ಇನ್ನೂ ಒಂಬತ್ತು ದಿನ ಬಿಟ್ಟು ಬಂದಳು. ಕೆಲಸ ಬಿಡಲಿಲ್ಲ, ರಾತ್ರಿ ಮೀಟಿಂಗ್ ಇಲ್ಲದ ಬೇರೆ ತಂಡ ಕೇಳಿ ಪಡೆದಳು. ನಾನು ವಾರಕ್ಕೆ ಎರಡು ದಿನ ಒಂಬತ್ತರ ಡಿಬೇಟ್ ಬೇರೆಯವರಿಗೆ ಬಿಟ್ಟುಕೊಟ್ಟೆ. ನೀವು ಕೆಲವರು ಮೆಸೇಜ್ ಮಾಡಿ ‘ಯಾಕ್ ಸಾರ್, ನಿಮ್ಮನ್ನ ಚಾನೆಲ್‌ನವರು ಪಕ್ಕಕ್ಕೆ ತಳ್ಳಿದ್ರಾ?’ ಅಂತ ಕೇಳಿದಿರಿ. ಉತ್ತರ ಇದು. ಈಗಲೂ ಜಗಳ ಆಗುತ್ತೆ. ಈಗಲೂ ನಾನು ‘ಆಮೇಲೆ’ ಅಂತೀನಿ. ಆದರೆ ಅವಳು ತಕ್ಷಣ, ‘ಎಷ್ಟು ಹೊತ್ತಿಗೆ?’ ಅಂತಾಳೆ. ನಾನು ಟೈಮ್ ಹೇಳಬೇಕು. ಆ ಟೈಮಿಗೆ ಬಂದು ಕೂರಬೇಕು.

ಆ ಕಂತಿನ ಕೊನೆಯಲ್ಲಿ ಮಗು ಅಳು ನಿಲ್ಲಿಸುತ್ತೆ. ಅವರು ಕಾದಿದ್ದೇ ಅದಕ್ಕೆ. ಆದರೂ ಅಪ್ಪ ಅಮ್ಮನ ಮುಖದಲ್ಲಿ ಗೆದ್ದ ಕಳೆ ಇಲ್ಲ. ಇಷ್ಟು ಹೊತ್ತು ನಮ್ಮನ್ನ ಕೂಗ್ತಾ ಇತ್ತು, ಈಗ ಕೂಗೋದು ಬಿಟ್ಟಿತು. ನಿದ್ದೆ ಬಂದು ಬಿಟ್ಟಿತೋ, ಇವರು ಬರಲ್ಲ ಅಂತ ಬಿಟ್ಟಿತೋ? ನನ್ನ ಮನಸ್ಸಲ್ಲಿ ಉಳಿದುಹೋದ ಪ್ರಶ್ನೆ ಅದು. ಯಾಕೆ ಅಂದ್ರೆ ನನ್ನ ಹೆಂಡತಿ ಹನ್ನೊಂದನೇ ದಿನ ಕೇಳೋದು ನಿಲ್ಲಿಸಿದಾಗ, ಮನೆ ಸ್ತಬ್ಧವಾದಾಗ, ನಾನು ಏನಂದುಕೊಂಡಿದ್ದೆ ಗೊತ್ತಾ? ‘ಸದ್ಯ, ಸಮಾಧಾನ ಆಯ್ತು’ ಅಂದುಕೊಂಡಿದ್ದೆ.

ಈಗ ಈ ಕಾರ್ಯಕ್ರಮ ಮುಗಿದ ತಕ್ಷಣ ಜಾಹೀರಾತು ಬರುತ್ತೆ. ಎರಡು ಮೂರು ನಿಮಿಷ. ನಿಮ್ಮ ಮನೆಯಲ್ಲಿ ಯಾರಾದರೂ ‘ಸ್ವಲ್ಪ ಮಾತಾಡಬೇಕಿತ್ತು’ ಅಂದು, ನೀವು ‘ನಾಳೆ’ ಅಂದಿದ್ದರೆ, ಟೀವಿ ಸದ್ದು ಕಮ್ಮಿ ಮಾಡಿ. ಪಕ್ಕದ ರೂಮಿಗೆ ಹೋಗಿ. ಇಷ್ಟು ವರ್ಷ ‘ಎಲ್ಲೂ ಹೋಗ್ಬೇಡಿ’ ಅಂತ ಹೇಳಿದೋನು ನಾನು. ಇವತ್ತೊಂದು ದಿನ ಹೋಗಿ ಬನ್ನಿ.